ಮೂರು ಮಣೆಯ ಊಟ

ಅರವತ್ತೆರಡನೆಯ ಇಸವಿ, ಜನವರಿಯ ಒಂದು ಶನಿವಾರ, ಮಧ್ಯಾಹ್ನ ಹನ್ನೆರಡೂವರೆ. ಸ್ಥಳ, ಪುತ್ತೂರಿನ ಬಸ್ ನಿಲ್ದಾಣದ ಹಿಂದಿನ ಓಣಿ. ಹಾಜರಿದ್ದವರು ನನ್ನ ಸೋದರಮಾವ, ನನ್ನ ತಂಗಿಯನ್ನು ಕೇಳಿದ್ದ ಗಂಡಿನ ಕಡೆಯ ಹಿರಿಯರೊಬ್ಬರು, ನಾನು, ಮತ್ತು ಒಲೆಯ ಮುಂದೆ ಕಾಕ. ಆ ಬ್ಯಾರಿ ಮುದುಕರನ್ನು ಊರೆಲ್ಲ ಕಾಕ ಎಂದೇ ಕರೆಯುತ್ತಿತ್ತು.

ಅಲ್ಲಿದ್ದ ಅವರ ಊಟದ ಮನೆಗೆ ಬೋರ್ಡು ಇರಲಿಲ್ಲ. ಇದ್ದದ್ದು ಮೂರೇ ಮಣೆ. ಹಿಂದಿನ ದಿನವೇ ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಬೇಕು. ಮಂಗಳೂರಿನಿಂದ ಬೆಳಗಿನ ಬಸ್ಸಿಗೆ ಬಂದ ಮೀನಿನಲ್ಲಿ ಕಾಕ ತಮಗೆ ಸರಿಕಂಡದ್ದನ್ನು ಮಾತ್ರ ಕಾಯಿಸುವರು. ಇಂಥದ್ದು ಬೇಕೆಂದು ಕೇಳುವಂತಿಲ್ಲ. ಕಾವಲಿಯಿಂದ ಒಂದೊಂದೇ ತುಂಡು ನೇರ ಎಲೆಗೆ ಬೀಳುವುದು. ದೊಡ್ಡ ಮನೆತನದವರೂ ಸರದಿ ಕಾಯುತ್ತಿದ್ದರು. ಅಲ್ಲಿಯೇ ಕೂತು ಮಾತಾಡೋಣ ಎಂದು ಹೇಳಿ ಕಳಿಸಿದವರು ಆ ಹಿರಿಯರು.

ಆಗ ನಾನು ಕೊಲ್ಲಮೊಗ್ರುವಿನಲ್ಲಿ ಮಾಸ್ತರನಾಗಿದ್ದೆ. ನಸುಕಿಗೆ ಎದ್ದು ಸುಬ್ರಹ್ಮಣ್ಯದವರೆಗೆ ನಡೆದು ಬಸ್ಸು ಹಿಡಿದಿದ್ದೆ. ಕಾಲು ಸೋತಿತ್ತು, ಕಣ್ಣು ಎಳೆಯುತ್ತಿತ್ತು. ಮಾವನ ಮನೆಯಲ್ಲಿದ್ದ ತಂಗಿಗೆ ಇಪ್ಪತ್ತಾರು. ಎರಡು ಸಂಬಂಧ ತಪ್ಪಿ ಹೋಗಿ ಇದು ಮೂರನೆಯದು. ತಪ್ಪಿದರೆ ಮತ್ತೆ ಹುಡುಕುವ ತ್ರಾಣ ನನ್ನಲ್ಲಾಗಲಿ ಮಾವನಲ್ಲಾಗಲಿ ಉಳಿದಿರಲಿಲ್ಲ.

ಬಂಗುಡೆ ಬಂತು. ಕಾಣೆ ಮೀನು ಬಂತು. ಹಿರಿಯರು ಮುಳ್ಳು ಬಿಡಿಸುತ್ತ ನಿಧಾನವಾಗಿ ತಿನ್ನುತ್ತಿದ್ದರು. ನನಗೋ ಹಾಸ್ಟೆಲಿನ ಅಭ್ಯಾಸ: ಹದಿನೈದು ನಿಮಿಷ ಊಟ, ಎಲೆ ಮಡಿಸುವುದು, ಏಳುವುದು. ದಣಿವಿನಲ್ಲಿ ಕೈ ತನ್ನಷ್ಟಕ್ಕೆ ಎಲೆ ಮಡಿಸಿತು. ನಾನು ಎದ್ದು ನಿಂತಿದ್ದೆ.

ಪಂಕ್ತಿಯಲ್ಲಿ ಒಬ್ಬ ಎದ್ದರೆ ಉಳಿದವರು ಉಣ್ಣುವಂತಿಲ್ಲ. ಹಿರಿಯರು ಕೈ ಹಿಂದೆ ತೆಗೆದರು.

ಕಾಕ ಸಟ್ಟುಗ ಹಿಡಿದೇ ತಿರುಗಿದರು. "ಎಂತ ಮಾಸ್ಟ್ರೇ, ಬೆಲ್ ಹೊಡೀತಾ? ಅಂಜಲ್ ಮೀನು ಇನ್ನೂ ಕಾವಲಿಯಲ್ಲಿ ಉಂಟು!"

"ಇವ ಹಾಸ್ಟೆಲ್ ಬಿಟ್ಟು ಹತ್ತು ವರ್ಷ ಆಯ್ತು ಮಾರಾಯ್ರೆ, ಹಾಸ್ಟೆಲ್ ಇವನನ್ನು ಬಿಡಲಿಲ್ಲ," ಎಂದು ಮಾವ ನಕ್ಕರು. ಕಣ್ಣು ಮಾತ್ರ ನನ್ನನ್ನು ಸುಡುತ್ತಿತ್ತು.

ಹಿರಿಯರು ನಗಲಿಲ್ಲ. "ಹುಡುಗಿಯೂ ಹೀಗೆಯಾ? ನಮ್ಮಲ್ಲಿ ಊಟಕ್ಕೆ ಕೂತರೆ ಒಂದು ಗಂಟೆ ಉಂಟು."

ಸಮಜಾಯಿಷಿ ಕಟ್ಟುವಷ್ಟು ಶಕ್ತಿ ಇರಲಿಲ್ಲ. ಇದ್ದದ್ದನ್ನು ಹೇಳಿದೆ. "ಇಲ್ಲ. ಅವಳು ಎಲ್ಲರಿಗೂ ಬಡಿಸಿ ಕಡೆಗೆ ಕೂರುದು. ಮೀನಿನ ನಡುವಿನ ತುಂಡು ಅವಳಿಗೆ ಒಂದು ದಿನವೂ ಉಳಿದದ್ದಿಲ್ಲ. ನಾವೇ ತಿಂದು ಏಳುದು."

ಹಿರಿಯರು ನಾನು ಮಡಿಸಿದ ಎಲೆಯನ್ನು ನೋಡಿದರು.

"ಕಾಕ, ಇವರಿಗೆ ಬೇರೆ ಎಲೆ ಹಾಕಿ," ಎಂದರು ಹಿರಿಯರು. "ಇವರು ಕೂರದೆ ನಾನು ತಿನ್ನುದು ಹೇಗೆ?"

ಕೂತೆ. ಹೊಟ್ಟೆ ತುಂಬಿತ್ತು, ಬೆನ್ನು ನೋಯುತ್ತಿತ್ತು. ಆದರೂ ಮುಕ್ಕಾಲು ಗಂಟೆ, ಅವರು ತಿಂದಷ್ಟೂ ಹೊತ್ತು, ಚೂರು ಚೂರಾಗಿ ತಿಂದೆ. ಜೀವನದಲ್ಲಿ ಅಷ್ಟು ನಿಧಾನವಾಗಿ ಉಂಡದ್ದು ಅದೇ ಮೊದಲು. ಆ ಅಂಜಲಿನ ರುಚಿ ಕೇಳಿದರೆ ನನಗೆ ನೆನಪಿಲ್ಲ.

ಕೊನೆಗೆ ಕಾಕ ನಡುವಿನ ದಪ್ಪ ತುಂಡೊಂದನ್ನು ಹಿರಿಯರ ಎಲೆಯ ಮೇಲೆ ಹಿಡಿದಾಗ ಅವರು ಕೈ ಅಡ್ಡ ಇಟ್ಟರು.

"ಇದನ್ನು ಕಟ್ಟಿ ಕೊಡಿ. ಹುಡುಗಿಗೆ." ಮಾವನ ಕಡೆ ತಿರುಗಿ, "ಬರುವ ವಾರ ಹುಡುಗನನ್ನು ಕರಕೊಂಡು ಬರ್ತೇನೆ. ಊಟ ನಿಮ್ಮಲ್ಲೇ. ಬಡಿಸುದು ಮಾಸ್ಟ್ರು," ಎಂದರು.

ಮೂರೂಕಾಲು ಗಂಟೆಯ ಸುಳ್ಯದ ಬಸ್ಸಿಗೆ ಮಾವನನ್ನು ಹತ್ತಿಸಿದೆ. ಬಾಳೆಲೆಯ ಪೊಟ್ಟಣಕ್ಕೆ ಇನ್ನೊಂದು ಸುತ್ತು ಬಾಳೆನಾರು ಬಿಗಿದು, ಅಡಿಮೇಲಾಗದಂತೆ ಅವರ ಮಡಿಲಲ್ಲಿ ಇಟ್ಟೆ.