ಟೆರೇಸು ಹತ್ತದ ಮಧ್ಯಾಹ್ನ

ಮೊನ್ನೆ ಕೊಚ್ಚಿಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಸ್ಟೀಲಿನ ಲೋಟದಲ್ಲಿ ಸಂಭಾರಂ ಕೊಟ್ಟರು. ನೀರು ಮಜ್ಜಿಗೆಗೆ ಶುಂಠಿ, ಹಸಿಮೆಣಸು, ಮೇಲೆ ಹಿಸುಕಿ ಹಾಕಿದ ನಾರಕದ, ಅಂದರೆ ನಿಂಬೆಯ ಎಲೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ. ಪಕ್ಕದವನು ಏನಾಯಿತೆಂದು ಕೇಳಿದ್ದಕ್ಕೆ ಹುಳಿ ಅಂದೆ. ಹುಳಿ ಇರಲಿಲ್ಲ. ಸುಳ್ಳು ಹೇಳುವುದು ನನಗೆ ಹೊಸದೂ ಅಲ್ಲ.

ಆ ಎಲೆ ಹಾಕಿದ ಮಜ್ಜಿಗೆ ತರುತ್ತಿದ್ದವರು ಚೇಚಿ. ವಯಸ್ಸಿನಲ್ಲಿ ನನ್ನ ಅಮ್ಮನಷ್ಟಿದ್ದರೂ ನಾನು ಮೊದಲಿದ್ದ ಆಫೀಸಿನಲ್ಲಿ ಎಲ್ಲರಿಗೂ ಅವರು ಚೇಚಿ, ಅಂದರೆ ಅಕ್ಕ. ಮಂಗಳೂರಿನಲ್ಲಿ ವರ್ಷಗಟ್ಟಲೆ ಹವಾಮಾನದ ಕೆಲಸ ಮಾಡಿ ನಿವೃತ್ತರಾಗಿ, ಊರಾದ ತಿರುವನಂತಪುರಕ್ಕೆ ಮರಳಿ ಮತ್ತೆ ಕೆಲಸಕ್ಕೆ ಸೇರಿದವರು. ಕಾಸರಗೋಡಿನಿಂದ ಹೋದ ನನಗೆ ಆ ಊರಿನಲ್ಲಿ ಕನ್ನಡ ಮಾತಾಡಲು ಸಿಕ್ಕಿದ್ದು ಅವರೊಬ್ಬರೇ.

ಅಲ್ಲಿನ ಕಳಕ್ಕೂಟಂನಲ್ಲಿ ನಮ್ಮದು ಪುಟ್ಟ ಆಫೀಸು. ವಿಮಾನ ಕಂಪನಿಗಳಿಗೆ ದಿನದ ಹವಾಮಾನದ ಟಿಪ್ಪಣಿ ಬರೆದುಕೊಡುವುದು ಕೆಲಸ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು ಎಂದು ಬರೆದರೆ ವಿಮಾನಕ್ಕೆ ಹೆಚ್ಚಿನ ಇಂಧನ ತುಂಬಿಸುತ್ತಾರೆ, ಮಳೆ ಬಿಡುವ ತನಕ ಅದು ಮೇಲೆ ಸುತ್ತು ಹೊಡೆಯಬಹುದು. ಬರೆಯದೆ ಮಳೆ ಬಂದರೆ ಕಾಯುವಷ್ಟು ಇಂಧನವಿಲ್ಲದೆ ಕೊಚ್ಚಿಗೆ ತಿರುಗಬೇಕಾಗುತ್ತದೆ.

ಚೇಚಿಯದು ಒಂದು ನಿಯಮ. ಟಿಪ್ಪಣಿ ಕಳಿಸುವ ಮೊದಲು ಟೆರೇಸು ಹತ್ತಬೇಕು, ಮೂಡು ದಿಕ್ಕಿನ ಬೆಟ್ಟದ ಮೇಲೆ ಮೋಡ ಹೂಕೋಸಿನ ಹಾಗೆ ಎದ್ದಿದೆಯೋ ನೋಡಬೇಕು. ಆಮೇಲೆ ಹಾಳೆಯಲ್ಲಿ ‘ಕಣ್ಣಾರೆ ಕಂಡದ್ದು’ ಎಂಬ ಸಾಲು ತುಂಬಿ ಸಹಿ ಹಾಕಬೇಕು. “ಕಂಪ್ಯೂಟರು ಹೇಳುವುದನ್ನು ಹೇಳಲಿ ಮಾರಾಯ, ನಿನಗೆ ಕಣ್ಣು ಎಂತಕ್ಕೆ ಕೊಟ್ಟದ್ದು ದೇವರು?” ಅನ್ನುತ್ತಿದ್ದರು. ನಾನು ಇಳಿದು ಬಂದರೆ ಆ ಮಜ್ಜಿಗೆ ಕಾದಿರುತ್ತಿತ್ತು.

ಅದೊಂದು ಏಪ್ರಿಲ್. ಅವರ ಅಮ್ಮ ಉಳ್ಳೂರಿನ ಆಸ್ಪತ್ರೆಯಲ್ಲಿ ಕೊನೆಯ ಗಳಿಗೆ ಎಣಿಸುತ್ತಿದ್ದರು. ಬೆಳಿಗ್ಗೆ ಚೇಚಿ ಫೋನ್ ಮಾಡಿದರು. “ಅಮ್ಮ ಅಕ್ಕನನ್ನೇ ಕೇಳ್ತಾ ಇದ್ದಾರೆ. ಅವಳು ಮಧ್ಯಾಹ್ನದ ವಿಮಾನಕ್ಕೆ ಮುಂಬಯಿಯಿಂದ ಬರ್ತಾಳೆ. ನೀನು ಒಮ್ಮೆ ಮೂಡು ನೋಡಿ ಬರಿ, ಆಯ್ತಾ ಮೋನೇ?”

ಆಯ್ತು ಅಂದೆ. ಮಗನೇ ಎಂದು ಕರೆಸಿಕೊಂಡು ಆಯ್ತು ಅಂದೆ…

ಹನ್ನೆರಡಕ್ಕೆ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಬಿರಿಯಾನಿ ಬಂತು. ಹೊರಗೆ ಕೆಂಡದಂಥ ಬಿಸಿಲು. ಕಂಪ್ಯೂಟರಿನ ನಕ್ಷೆಯಲ್ಲಿ ಮಳೆ ಸಂಜೆಯ ಮೇಲೆ ಅಂತಿತ್ತು. ಹಿಂದಿನ ದಿನದ ಹಾಳೆ ತೆರೆದು, ‘ಕಣ್ಣಾರೆ ಕಂಡದ್ದು: ಮೂಡು ಸ್ವಚ್ಛ’ ಎಂಬ ಸಾಲನ್ನು ನಕಲು ಮಾಡಿ, ಸಹಿ ಹಾಕಿ ಕಳಿಸಿದೆ. ಸೋಮಾರಿತನ, ಬೇರೇನೂ ಅಲ್ಲ. ಹತ್ತಬೇಕಾಗಿದ್ದದ್ದು ಎರಡು ಮಹಡಿ.

ಮೂರು ಗಂಟೆಗೆ ಮೊದಲ ಗುಡುಗಿಗೆ ಕಿಟಕಿಯ ಗಾಜು ಅದುರಿತು. ವಿಮಾನ ಒಂದು ಸುತ್ತು ಹಾಕಿ ಕೊಚ್ಚಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಆಕಾಶ ತೊಳೆದಿಟ್ಟ ಹಾಗಾಯಿತು. ಅಷ್ಟು ಹೊತ್ತು ಸುತ್ತಲು ಇಂಧನವಿದ್ದಿದ್ದರೆ… ಚೇಚಿಯ ಅಕ್ಕ ಕೊಚ್ಚಿಯಿಂದ ಟ್ಯಾಕ್ಸಿ ಹಿಡಿದು ಬಂದರು. ಅವರು ಕೊಲ್ಲಂ ದಾಟುವ ಮೊದಲೇ ಅಮ್ಮ ಹೋಗಿಬಿಟ್ಟಿದ್ದರು, ಬಾಗಿಲ ಕಡೆ ನೋಡುತ್ತಾ.

ಕ್ರಿಯೆಗಳೆಲ್ಲ ಮುಗಿಸಿ ಕೆಲಸಕ್ಕೆ ಬಂದ ದಿನ ಚೇಚಿ ನನ್ನನ್ನು ಬೈಯಲಿಲ್ಲ. ಕುರ್ಚಿ ಎಳೆದು ಹತ್ತಿರ ಕೂತು ಕೇಳಿದರು. “ನೀನು ಹತ್ತಿ ನೋಡಿದ್ದಿ ಅಲ್ವಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಆದರೂ ಮುಖ ಗಟ್ಟಿ ಮಾಡಿಕೊಂಡೆ. “ನೋಡಿದ್ದೆ ಚೇಚಿ. ಏನೂ ಇರಲಿಲ್ಲ.”

“ಹಾಗಾದರೆ ನಾನು ಕಲಿಸಿದ್ದೇ ತಪ್ಪು,” ಅಂದರು. “ಇಷ್ಟು ವರ್ಷ ಎಂತ ನೋಡಿದ್ದೋ ನಾನು.”

ನನ್ನನ್ನು ಅನುಮಾನಿಸಬಹುದಿತ್ತು. ತಮ್ಮ ಕಣ್ಣನ್ನೇ ಅನುಮಾನಿಸಿದರು. ಆಮೇಲೆ ಅವರು ಟೆರೇಸು ಹತ್ತಲಿಲ್ಲ. ನಕ್ಷೆಯಲ್ಲಿದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸುತ್ತಿದ್ದರು. ನನಗೆ ಮಜ್ಜಿಗೆ ಕೊಡುವುದನ್ನು ಮಾತ್ರ ಬಿಡಲಿಲ್ಲ. ಮಳೆಗಾಲ ಶುರುವಾಗುವಷ್ಟರಲ್ಲಿ ಕೆಲಸ ಬಿಟ್ಟರು. ನಾನೂ ಇದೇ ಕೆಲಸಕ್ಕೆ ಕೊಚ್ಚಿಗೆ ಬಂದೆ. ಫೋನ್ ಮಾಡಿ ಹೇಳಿಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಓಣಂಗೆ ಮಾಡಿದೆ, ವಿಷುವಿಗೆ ಮಾಡಿದೆ, ಊಟ ಆಯಿತಾ ಎಂದು ಕೇಳಿ ಇಟ್ಟೆ.

ಹೋದ ತಿಂಗಳು ಚೇಚಿ ತೀರಿಕೊಂಡರೆಂದು ಹಳೆಯ ಸಹೋದ್ಯೋಗಿಯಿಂದ ಗೊತ್ತಾಯಿತು.

ಇಲ್ಲಿ ಯಾರೂ ನನಗೆ ಹತ್ತು ಅನ್ನುವುದಿಲ್ಲ. ಆದರೂ ದಿನಾ ಮಧ್ಯಾಹ್ನ ಹತ್ತುತ್ತೇನೆ. ಮೊನ್ನೆ ಆ ಲೋಟ ಹಿಡಿದೇ ಹತ್ತಿದೆ. ಮೂಡಿನಲ್ಲಿ ಮೋಡ ಎದ್ದಿತ್ತು, ಅವರು ಹೇಳಿಕೊಟ್ಟ ಹಾಗೆಯೇ, ಅಡಿ ಸಪಾಟು, ತಲೆ ಹೂಕೋಸು. ಕೆಳಗಿಳಿದು ಗುಡುಗು ಮಳೆ ಎಂದು ಬರೆದೆ. ಮೂರೂವರೆಗೆ ಬಂತು.

ನಿಮ್ಮ ಕಣ್ಣು ಸರಿಯಿತ್ತು ಚೇಚಿ. ನಾನು ಹತ್ತಿರಲಿಲ್ಲ.