ಮರಳುಗಾಡಿಗೆ ಹೋದ ಮದುವೆ ಫೋಟೊಗ್ರಾಫರ್

ಚಾಮರಾಜನಗರದಲ್ಲಿ ನನ್ನದೊಂದು ಫೋಟೊ ಸ್ಟುಡಿಯೋ ಇದೆ. ಹತ್ತೊಂಬತ್ತನೆಯ ವಯಸ್ಸಿಗೆ ಗುಂಡ್ಲುಪೇಟೆಯ ಒಂದು ಸ್ಟುಡಿಯೋದಲ್ಲಿ ಆಲ್ಬಂಗಳಿಗೆ ಫೋಟೊ ಅಂಟಿಸುವ ಕೆಲಸಕ್ಕೆ ಸೇರಿದವಳು ನಾನು. ಒಂದು ಮದುವೆಯ ದಿನವೇ ಮಾಲೀಕರಿಗೆ ಜ್ವರ ಬಂತು. ಬೇರೆ ದಾರಿಯಿಲ್ಲದೆ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿ ಕಳಿಸಿದರು. ಹೆಣ್ಣಿನ ಮನೆಯವರು ಮೊದಲು ಮುಖ ಸಿಂಡರಿಸಿದರು. ಮದುಮಗಳಿಗೆ ಸೀರೆ ಉಡಿಸುವ ಕೋಣೆಯೊಳಗೆ ಯಾರ ಅಪ್ಪಣೆಯೂ ಬೇಡದೆ ಹೋಗಬಲ್ಲ ಫೋಟೊಗ್ರಾಫರ್ ಇವಳೊಬ್ಬಳೇ ಎಂದು ಗೊತ್ತಾದ ಮೇಲೆ ಅವರೇ ಇನ್ನೆರಡು ಮದುವೆಗೆ ನನ್ನ ಹೆಸರು ಹೇಳಿದರು. ಅಲ್ಲಿಂದ ಇಲ್ಲಿಯವರೆಗೂ ಮುಖಗಳನ್ನೇ ತೆಗೆದಿದ್ದೇನೆ. ಅಳುವ ತಾಯಂದಿರು, ಹಸಿದ ಮದುಮಕ್ಕಳು, ಊಟದ ಎಲೆಯ ಮುಂದೆ ಕ್ಯಾಮೆರಾ ಕಂಡು ಕೈ ಅಡ್ಡ ಇಡುವ ನೆಂಟರು.

ಆಷಾಢದಲ್ಲಿ ಮದುವೆಗಳಿಲ್ಲ. ಆಗ ಗೋಪಾಲಸ್ವಾಮಿ ಬೆಟ್ಟಕ್ಕೋ ಊರಾಚೆಯ ಹೊಲಗಳಿಗೋ ಹೋಗಿ ನೆಲ, ಮೋಡ, ಮರಗಳ ಫೋಟೊ ತೆಗೆಯುವುದು ನನಗೊಂದು ಹುಚ್ಚು. ಒಮ್ಮೆ ಯಾರೋ ಒಂದು ಕ್ಯಾಲೆಂಡರಿಗಾಗಿ ನಮ್ಮ ಸೀಮೆಯ ಚಿತ್ರಗಳನ್ನು ಕೇಳಿದರು. ಹನ್ನೆರಡನ್ನು ಆರಿಸಿ ಕಳಿಸಿದೆ. ಒಂದು ವಾರದ ಮೇಲೆ, ಚಿತ್ರಗಳನ್ನು ಆಯ್ಕೆ ಮಾಡುತ್ತಿದ್ದವರು ಫೋನ್ ಮಾಡಿದರು.

“ಮೇಡಂ, ತಪ್ಪು ತಿಳ್ಕೋಬೇಡಿ. ಇವು ಸ್ಟುಡಿಯೋ ಹಿಂದೆ ಇಳಿಬಿಡೋ ಪರದೆ ಥರ ಇದಾವೆ. ಮುಂದೆ ಯಾರಾದ್ರೂ ನಿಂತ್ಕೊಂಡ್ರೆ ಚೆನ್ನಾಗಿರುತ್ತೆ.”

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾದದ್ದು. ಹನ್ನೆರಡೂ ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಪ್ರತಿಯೊಂದರಲ್ಲೂ ಗಂಡುಹೆಣ್ಣು ಬಂದು ನಿಲ್ಲಲಿ ಎಂದು ನಾನೇ ನಡುವೆ ಜಾಗ ಬಿಟ್ಟಿದ್ದೆ. ಇದನ್ನು ಕಲಿಯದೆ ಬಿಡುವುದಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿಕೊಂಡೆ.

ರಾಜಸ್ಥಾನದ ಮರಳುಗಾಡಿನಲ್ಲಿ ಐದು ದಿನದ ಕಾರ್ಯಾಗಾರವೊಂದು ನಡೆಯುತ್ತದೆ ಎಂದು ಫೋಟೊಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ಅದು ಧನುರ್ಮಾಸಕ್ಕೇ ಬಿದ್ದಿತ್ತು. ಆ ತಿಂಗಳೂ ಮದುವೆಗಳಿಲ್ಲ. ಅಲ್ಲಿ ಹೂವಿಲ್ಲ, ಮೋಡವಿಲ್ಲ, ಹಸಿರಿಲ್ಲ. ನೋಡುವುದನ್ನು ಕಲಿಯಲು ಅಂಥ ಜಾಗವೇ ಸರಿ ಅನ್ನಿಸಿತು. ನನ್ನ ಗಂಡ ಬದನಗುಪ್ಪೆಯ ಕಾರ್ಖಾನೆಗಳಿಗೆ ಆಳುಗಳನ್ನು ಕರೆದೊಯ್ಯುವ ಬಸ್ಸಿನ ಡ್ರೈವರು. ಅವರು ಒಂದೇ ಮಾತು ಹೇಳಿದರು: “ಓಗ್ಬುಟ್ಟು ಬಾ ಕಣಮ್ಮಿ, ಮನೆ ನಾವ್ ನೋಡ್ಕತೀವಿ.” ಅತ್ತೆ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ.

“ಮಳ್ಳು ನೋಡಕ್ಕೆ ಅಷ್ಟ್ ದೂರ ಓಗ್ಬೇಕಾ? ತಲಕಾಡ್ನಲ್ಲಿ ಬೇಕಾದಷ್ಟದೆ. ಬೆಳಿಗ್ಗೆ ಓಗ್ಬುಟ್ಟು ಸಾಯಂಕಾಲಕ್ಕೆ ಬರ್ಬೋದು.”

“ನೋಡಕ್ಕಲ್ಲ ಕಣತ್ತೆ, ಕಲಿಯಕ್ಕೆ ಓಯ್ತಿರದು.”

“ಏನ್ ಕಲಿಯಕ್ಕೆ?”

“ಫೋಟೊ ತೆಗಿಯದ.”

“ಮತ್ತೆ ಇಷ್ಟ್ ವರ್ಸ ಏನ್ ಮಾಡ್ತಿದ್ದೆ?”

ಆದರೂ ಹೊರಡುವ ದಿನ ರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ ಕಟ್ಟಿಕೊಟ್ಟವರು ಅತ್ತೆಯೇ.

ರೈಲಿನಲ್ಲಿ ಎರಡು ದಿನಕ್ಕೂ ಹೆಚ್ಚು ಕೂತು, ಜೋಧಪುರದಲ್ಲಿಳಿದು, ಅಲ್ಲಿಂದ ವ್ಯಾನಿನಲ್ಲಿ ಜೈಸಲ್ಮೇರ್ ದಾಟಿ ಕಲಿಯಲು ಬಂದ ನಾವು ಹನ್ನೊಂದು ಜನ ಟೆಂಟುಗಳಿದ್ದ ಜಾಗ ಸೇರಿದೆವು. ಕಲಿಸುವವರು ಪುಣೆ ಕಡೆಯ ಹೆಂಗಸು. ಅರವತ್ತರ ಆಸುಪಾಸು, ಕತ್ತರಿಸಿದ ಬಿಳಿ ಕೂದಲು, ನಡೆದರೆ ನಾವೆಲ್ಲ ಹಿಂದೆ ಉಳಿಯಬೇಕು ಅಂಥ ವೇಗ. ಮಾತು ಹಿಂದಿ, ಇಂಗ್ಲಿಷು. ನನ್ನ ಹಿಂದಿ ಅಂಗಡಿಯಲ್ಲಿ ಸಾಮಾನು ಕೊಳ್ಳುವಷ್ಟು, ಇಂಗ್ಲಿಷು ಕ್ಯಾಮೆರಾದ ಗುಂಡಿಗಳ ಮೇಲೆ ಬರೆದಿರುವಷ್ಟು. ನನ್ನ ಪುಣ್ಯಕ್ಕೆ ಕೇರಳದ ಬತ್ತೇರಿಯವರೊಬ್ಬರು ಬಂದಿದ್ದರು. ನಿವೃತ್ತ ದನದ ಡಾಕ್ಟರು. ಗುಂಡ್ಲುಪೇಟೆಯಲ್ಲಿ ಇದ್ದಷ್ಟು ವರ್ಷ ಕೇರಳದ ಗಿರಾಕಿಗಳ ಜೊತೆ ಮಾತಾಡಿ ನನಗೆ ಮಲಯಾಳಂ ಚೆನ್ನಾಗಿಯೇ ಬರುತ್ತಿತ್ತು. ಮೇಡಂ ಹೇಳಿದ್ದನ್ನು ಡಾಕ್ಟರು ಮಲಯಾಳಂನಲ್ಲಿ ನನ್ನ ಕಿವಿಗೆ ಹಾಕುತ್ತಿದ್ದರು. ನನ್ನನ್ನು ‘ಮೋಳೆ’ ಎನ್ನುತ್ತಿದ್ದರು, ಮಗಳೇ ಎಂದು.

ಮೊದಲ ದಿನದ ಸಂಜೆ ಎಲ್ಲರ ಚಿತ್ರಗಳನ್ನೂ ಪರದೆಯ ಮೇಲೆ ಹಾಕಿ ನೋಡಿದರು. ನನ್ನ ಸರದಿ ಬಂದಾಗ ಮೇಡಂ ಪರದೆಯ ಹತ್ತಿರ ಹೋಗಿ ಏನೋ ಹೇಳಿದರು. ಎಲ್ಲರೂ ನಕ್ಕರು. ಡಾಕ್ಟರು ಸಂಕೋಚಪಡುತ್ತಲೇ ತಿಳಿಸಿದರು: “ಈ ಮರಳ ದಿಬ್ಬ ಮದುಮಗನ ಹಾಗೆ ನಡುವೆ ನಿಂತುಕೊಂಡು ಕ್ಯಾಮೆರಾ ನೋಡ್ತಾ ಇದೆಯಂತೆ.” ಎಲ್ಲರ ನಗು ಮುಗಿದ ಮೇಲೆ ನಾನೂ ನಕ್ಕೆ.

ಎರಡನೆಯ ದಿನ ಬೆಳಿಗ್ಗೆ ನಡುವನ್ನು ಬಿಟ್ಟು ಎಡಕ್ಕೆ, ಬಲಕ್ಕೆ, ಮೇಲಕ್ಕೆ ದಿಬ್ಬಗಳನ್ನು ಸರಿಸಿ ಸರಿಸಿ ತೆಗೆದೆ. ಮೇಡಂ ಕ್ಯಾಮೆರಾದ ಹಿಂಬದಿಯಲ್ಲಿ ನೋಡಿ, “ಮದುಮಗ ಪಕ್ಕಕ್ಕೆ ಸರಿದು ನಿಂತ, ಅಷ್ಟೇ” ಅಂದರು. ಈ ಸಲ ನಗು ಬರಲಿಲ್ಲ. ಕ್ಯಾಮೆರಾ ಕೊರಳಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಡಾಕ್ಟರಿಗೆ ಹೇಳಿದೆ, “ಹೊಗಳೋದು ಬೇಡ, ಬಯ್ಯೋದೂ ಬೇಡ. ಏನು ಮಾಡ್ಬೇಕು ಅಂತ ಹೇಳಿಕೊಡಕ್ಕೆ ಹೇಳಿ.”

ಮೇಡಂ ನನ್ನ ಮುಖವನ್ನು ನೋಡಿದರು. ಆಮೇಲೆ ಒಂಟೆ ಮೇಯಿಸುತ್ತಿದ್ದ ಮುದುಕರೊಬ್ಬರನ್ನು ಕರೆದು ಒಂದು ಹಿಡಿ ಒಣಕಡ್ಡಿ ಮುರಿಸಿ ನನ್ನ ಕೈಗೆ ಕೊಟ್ಟರು. ಒಂದು ದಿಬ್ಬದ ಬುಡಕ್ಕೆ ಕರೆದೊಯ್ದು, ಅದರ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲೊಂದು ಕಡ್ಡಿ ನೆಟ್ಟು, ಕೈಗಡಿಯಾರ ತೋರಿಸಿದರು. ಕಾಲು ಗಂಟೆಗೊಂದು ಕಡ್ಡಿ. ಸಂಜೆಯವರೆಗೆ. ಕ್ಯಾಮೆರಾ ಚೀಲದೊಳಗೆ.

ಉಳಿದವರು ದೊಡ್ಡ ದಿಬ್ಬಗಳ ಕಡೆ ಹೋದರು. ನಾನು ಕಡ್ಡಿ ನೆಡುತ್ತ ಕೂತೆ. ಒಂಟೆಯ ಮುದುಕರು ನಾಲ್ಕೈದು ಸಲ ಬಂದು ನೋಡಿದರು. ಸಸಿ ನೆಡುತ್ತಿದ್ದೇನೆ ಎಂದುಕೊಂಡರೋ ಏನೋ, ಆಕಾಶ ತೋರಿಸಿ, ನೀರಿಲ್ಲ ಎನ್ನುವಂತೆ ಕೈ ಆಡಿಸಿದರು. ಮೊದಲ ಎರಡು ಗಂಟೆ ಬರಿಯ ಸಿಟ್ಟು. ಮಧ್ಯಾಹ್ನವಾದಾಗ ನೆರಳು ದಿಬ್ಬದೊಳಕ್ಕೇ ಸೇರಿಹೋಗಿ ಕಡ್ಡಿ ನೆಡಲು ಜಾಗವೇ ಇರಲಿಲ್ಲ. ಆಮೇಲೆ ಅದು ಇನ್ನೊಂದು ಮಗ್ಗುಲಲ್ಲಿ ಹೊರಬಂತು. ಮೊದಲು ಬೆರಳಷ್ಟು, ಆಮೇಲೆ ಗೇಣುದ್ದ, ಆಮೇಲೆ ಒಂದೊಂದು ಕಡ್ಡಿಗೂ ಮೂರು ಮೂರು ಹೆಜ್ಜೆ. ಐದು ಗಂಟೆಯ ಹೊತ್ತಿಗೆ ನಾನು ಕಡ್ಡಿ ಹಿಡಿದು ಓಡುತ್ತಿದ್ದೆ. ಬೆಳಗಿನ ಕಡ್ಡಿಗಳ ಸಾಲನ್ನು ತಿರುಗಿ ನೋಡಿದಾಗ ಒಂದು ವಿಷಯ ಹೊಳೆಯಿತು. ದಿಬ್ಬದ ಮರಳು ಮುಗಿದು ಗಟ್ಟಿ ನೆಲ ಶುರುವಾಗುವ ಒಂದು ಅಂಚಿತ್ತು. ಹೊತ್ತು ಹುಟ್ಟಿ ಒಂದೂವರೆ ಗಂಟೆಗೆ ನೆರಳು ಸರಿಯಾಗಿ ಆ ಅಂಚಿನ ಮೇಲೆ ಕೂರುತ್ತಿತ್ತು. ಸ್ವಲ್ಪ ಹೊತ್ತಷ್ಟೇ. ಆ ಜಾಗವನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡೆ.

ಮೂರನೆಯ ದಿನ ಎಲ್ಲವೂ ಕೆಟ್ಟಿತು. ಡಾಕ್ಟರಿಗೆ ಹೊಟ್ಟೆ ಕೆಟ್ಟು ಟೆಂಟಿನಿಂದ ಏಳಲಾಗಲಿಲ್ಲ. ನನಗೆ ಮಾತು ತಿಳಿಸುವವರು ಇಲ್ಲವಾದರು. ಬೆಳಿಗ್ಗೆಯೇ ಎದ್ದ ಗಾಳಿ ಮರಳನ್ನು ಮುಖಕ್ಕೆ ಎರಚುತ್ತಿತ್ತು. ಸೆರಗಿನಲ್ಲಿ ಎಷ್ಟೇ ಸುತ್ತಿಟ್ಟುಕೊಂಡರೂ ಜೂಮ್ ಲೆನ್ಸಿನೊಳಗೆ ಮರಳು ಹೊಕ್ಕಿತು. ತಿರುಗಿಸಿದರೆ ಕರಕರ ಎಂದಿತು, ಮಧ್ಯಾಹ್ನಕ್ಕೆ ತಿರುಗುವುದನ್ನೇ ನಿಲ್ಲಿಸಿತು. ಮೇಡಂ ತಮ್ಮ ಲೆನ್ಸು ಕೊಡಲು ಬಂದರು. ಅವರದು ಬೇರೆ ಕಂಪನಿಯ ಕ್ಯಾಮೆರಾ, ಕೂರಲಿಲ್ಲ. ಇನ್ನೆರಡು ದಿನ ನೀನು ನನ್ನ ಜೊತೆಯಲ್ಲಿ ಸುಮ್ಮನೆ ನೋಡುತ್ತಾ ಬಾ ಎಂದು ಸನ್ನೆಯಲ್ಲೇ ಸಮಾಧಾನ ಮಾಡಿದರು.

ಅಷ್ಟು ದೂರ ಹೋಗಿ ಬರಿಗೈಯಲ್ಲಿ ತಿರುಗುವುದಕ್ಕೆ ನನಗೆ ಮನಸ್ಸಿರಲಿಲ್ಲ. ಚೀಲದ ತಳದಿಂದ ಐವತ್ತು ಎಂಎಂನ ಲೆನ್ಸನ್ನು ತೆಗೆದು ತೋರಿಸಿದೆ. “ಯೇ ಹೈ ಮೇಡಂ. ಯೇ ಬಸ್.” ಇದಿದೆ, ಇಷ್ಟು ಸಾಕು ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಮದುಮಗಳ ಮುಖ, ಮೆಹಂದಿ ಕೈ, ತಾಳಿಯ ಗಂಟು ಬೀಳುವ ಗಳಿಗೆ, ಇವಕ್ಕೆಂದು ಇಟ್ಟುಕೊಂಡ ಪುಟ್ಟ ಲೆನ್ಸು ಅದು. ಹತ್ತಿರಕ್ಕೂ ಎಳೆಯುವುದಿಲ್ಲ, ದೂರಕ್ಕೂ ತಳ್ಳುವುದಿಲ್ಲ. ನಾವೇ ಹೋಗಬೇಕು, ಬರಬೇಕು. ಮೇಡಂ ಹುಬ್ಬೇರಿಸಿ, ಸರಿ ಎನ್ನುವಂತೆ ನನ್ನ ಬೆನ್ನು ತಟ್ಟಿದರು.

ಅವತ್ತು ಸಂಜೆ ಗಾಳಿ ನಿಂತ ಮೇಲೆ ನಡೆದೆ. ಇಡೀ ದಿಬ್ಬ ಬೇಕೆಂದರೆ ಫರ್ಲಾಂಗುಗಟ್ಟಲೆ ಹಿಂದಕ್ಕೆ ಹೋಗಬೇಕಿತ್ತು. ಅಷ್ಟು ಹಿಂದೆ ಹೋದರೆ ಅಡ್ಡಕ್ಕೆ ಇನ್ನೊಂದು ದಿಬ್ಬ. ಮೀನಖಂಡ ಉರಿಯುವವರೆಗೆ ಹತ್ತಿ ಇಳಿದೆ. ಇಡೀ ದಿಬ್ಬವನ್ನು ಹಿಡಿಯುವ ಆಸೆಯನ್ನು ಕೊನೆಗೆ ಬಿಟ್ಟೆ. ಕಡ್ಡಿ ನೆಟ್ಟಿದ್ದ ಅಂಚಿಗೆ ಬಂದೆ. ಗಾಳಿಗೆ ಅರ್ಧ ಕಡ್ಡಿಗಳು ಮುಚ್ಚಿಹೋಗಿದ್ದವು. ಆದರೆ ಅಂಚು ಅಲ್ಲೇ ಇತ್ತು. ನೀರು ಬತ್ತಿದ ಕೆರೆಯ ದಡದ ಹಾಗೆ ಮರಳಿನ ಸಣ್ಣ ಅಲೆಗಳು ಬಂದು ಕಲ್ಲುನೆಲದಲ್ಲಿ ನಿಂತುಬಿಟ್ಟಿದ್ದವು.

ನಾಲ್ಕನೆಯ ದಿನ ಬೆಳಕು ಹರಿಯುವ ಮುಂಚೆಯೇ ಹೋಗಿ ನಿಂತೆ. ಬಿಸಿಲು ಬಂತು, ನೆರಳು ಅಂಚಿನತ್ತ ಸರಿಯತೊಡಗಿತು. ಇನ್ನೇನು ಹತ್ತು ನಿಮಿಷ ಎನ್ನುವಾಗ ಎಲ್ಲಿಂದಲೋ ಒಂದು ಮೇಕೆಮಂದೆ ಬಂದು ನನ್ನ ಅಲೆಗಳ ಮೇಲೆಲ್ಲ ಗೊರಸಿನ ಗುರುತು ಮೂಡಿಸಿ ಹೊರಟುಹೋಯಿತು. ಯಾರನ್ನು ಬಯ್ಯುವುದು? ಅವುಗಳ ದಾರಿಯಲ್ಲಿ ನಿಂತವಳು ನಾನು. ಟೆಂಟಿಗೆ ಹೋಗಿ ಡಾಕ್ಟರಿಗೆ ಹೇಳಿದರೆ ಮಲಗಿದ್ದಲ್ಲೇ ನಕ್ಕು, “ಪೇಡಿಕ್ಕೇಂಡ ಮೋಳೆ, ಹೆದರಬೇಡ, ನಾಳೆ ಒಂದಿನ ಇದೆಯಲ್ಲ” ಅಂದರು. ನಾನೇನೂ ಹೆದರಿರಲಿಲ್ಲ. ಹಗಲೆಲ್ಲ ಮೋಡವಿಲ್ಲದ ಆಕಾಶ ನೋಡುತ್ತ, ಗಾಳಿ ಮತ್ತೆ ಬೀಸಲಿ, ಗೊರಸಿನ ಗುರುತು ಅಳಿಸಲಿ ಎಂದು ಕಾದೆ. ನಿನ್ನೆ ಲೆನ್ಸು ಕೆಡಿಸಿದ ಗಾಳಿಯನ್ನೇ ಈಗ ಬಾ ಎನ್ನುತ್ತಿದ್ದೇನಲ್ಲ ಎಂದು ನನಗೇ ನಗು ಬಂತು. ಮೂರು ಗಂಟೆಯ ಮೇಲೆ ಒಂದಿಷ್ಟು ಬೀಸಿತು.

ಕೊನೆಯ ದಿನ ಮೇಡಂ ನನ್ನ ಜೊತೆಗೇ ಬಂದರು. ಸ್ವಲ್ಪ ದೂರದಲ್ಲಿ ಕೂತರು. ಹೊಸ ಅಲೆಗಳು, ಮುನ್ನಾದಿನಕ್ಕಿಂತ ಸಣ್ಣವು, ಓರೆಯಾದವು. ನಾನು ನೆಲಕ್ಕೆ ಮಂಡಿಯೂರಿದೆ. ನೆರಳು ಬಂದು ಅಂಚಿಗೆ ಮುಟ್ಟಿತು. ನಾಲ್ಕು ಸಲ ಗುಂಡಿ ಒತ್ತಿದೆ. ಐದನೆಯದಕ್ಕೆ ಬೆರಳು ಹೋದಾಗ ಆ ಗಳಿಗೆ ಮುಗಿದಿತ್ತು. ಬೆಳಕು ಎಲ್ಲ ಕಡೆಗೂ ಒಂದೇ ಸಮ ಬಿದ್ದು ನೆಲ ಚಪ್ಪಟೆಯಾಗಿತ್ತು.

ಮಧ್ಯಾಹ್ನ ಚಿತ್ರಗಳು ಪರದೆಗೆ ಬಂದವು. ನಾಲ್ಕರಲ್ಲಿ ಮೂರನ್ನು ಮೇಡಂ ತಳ್ಳಿಹಾಕಿದರು. ಎರಡನೆಯದನ್ನು ಮಾತ್ರ ಹಾಗೇ ನಿಲ್ಲಿಸಿಕೊಂಡು ನೋಡಿದರು. ಎಡದಂಚಿನಲ್ಲಿ ಹೊಳೆಯುತ್ತಿದ್ದ ಒಂದು ಬಿಳಿಕಲ್ಲನ್ನು ಬೆರಳಿನಿಂದ ಮುಚ್ಚಿ, ಇದು ಇರಬಾರದಿತ್ತು ಎಂದು ತಲೆ ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಯೇ ಜಮೀನ್ ಹೈ” ಅಂದರು. ಡಾಕ್ಟರು ಶಾಲು ಹೊದ್ದು ಬಂದು ಹಿಂದೆ ಕೂತಿದ್ದರು. ತಿಳಿಸಲು ಬಾಯಿ ತೆರೆದವರನ್ನು ನಾನು ಕೈ ಎತ್ತಿ ತಡೆದೆ. ಇದು ನೆಲ ಎಂದು ತಿಳಿಯುವಷ್ಟು ಹಿಂದಿ ನನಗೂ ಬರುತ್ತಿತ್ತು.

ಊರಿಗೆ ಬಂದ ಮೇಲೆ ಮದುವೆಗಳು ಶುರುವಾದವು, ತಿಂಗಳೆರಡು ಉಸಿರಾಡಲು ಬಿಡುವಿರಲಿಲ್ಲ. ಫಾಲ್ಗುಣದ ಒಂದು ಬೆಳಿಗ್ಗೆ ಉಡಿಗಾಲದ ಕಡೆ ಸ್ಕೂಟರ್ ನಿಲ್ಲಿಸಿ, ಕೊಯ್ಲಾಗಿ ಬೋಳು ಬಿದ್ದ ಹೊಲವೊಂದರ ಬದುವಿನ ಮೇಲೆ ಮಂಡಿಯೂರಿ ನೋಡುತ್ತಿದ್ದೆ. ದೂರದಿಂದ ಒಬ್ಬರು ಟವೆಲ್ ಬೀಸುತ್ತ ಜೋರಾಗಿ ನಡೆದುಬಂದರು.

“ಯಾರವ್ವ ನೀನು? ಫ್ಯಾಕ್ಟ್ರಿಯೋರು ಕಳ್ಸವ್ರಾ ಅಳ್ಯಕ್ಕೆ? ಈ ನೆಲ ಕೊಡಕ್ಕಿಲ್ಲ ಅಂತ ಓಗಿ ಏಳು.”

“ಅಯ್ಯೋ ಇಲ್ಲ ಕಣಣ್ಣ. ನಾನು ಫೋಟೊ ಸ್ಟುಡಿಯೋದವಳು. ಸುಮ್ನೆ ನಿಮ್ ಹೊಲದ ಫೋಟೊ ತೆಗೀತಾ ಇದೀನಿ.”

“ಬೆಳೆ ಇಲ್ದಿರ ಹೊಲದ್ ಫೋಟೊನಾ?” ಅವರಿಗೆ ನಂಬಿಕೆ ಬರಲಿಲ್ಲ. ಕ್ಯಾಮೆರಾ ಅವರ ಕೈಗೇ ಕೊಟ್ಟೆ. ಬಿಸಿಲಿಗೆ ಟವೆಲ್ ಮರೆ ಹಿಡಿದು ನೋಡಿದರು. ಒಂದಾದ ಮೇಲೊಂದು ಗುಂಡಿ ಒತ್ತಲು ಹೇಳಿ ಎಲ್ಲವನ್ನೂ ನೋಡಿದರು. ಅವರ ದನಿ ತಗ್ಗಿತು.

“ಈಗ ಚೆಂದಿಲ್ಲ ಕಣವ್ವ ಇದು. ಒಂದ್ ಮಳೆ ಬುದ್ದು, ಉತ್ತ ಮಾರ್ನೆ ದಿನ ಬಾ. ಬಿಸ್ಲು ಏರಕ್ ಮುಂಚೆ ಬರ್ಬೇಕು. ಸಾಲ್ ಸಾಲೂ ಕಾಣ್ತವೆ ಆವಾಗ. ಎಂಟ್ ಗಂಟೆಗ್ ಬಂದ್ರೆ ಏನೂ ಸಿಕ್ಕಕ್ಕಿಲ್ಲ.”

“ನಿಮಗೆ ಹೆಂಗ್ ಗೊತ್ತಣ್ಣ?”

“ದಿನಾ ನೋಡಕ್ಕಿಲ್ವಾ ನಾನು!”

ನನ್ನ ನಂಬರ್ ಬರೆದುಕೊಂಡರು. ಯುಗಾದಿ ಕಳೆದ ಮೇಲೆ, ಮೊದಲ ಮಳೆ ಬಂದ ವಾರ ಒಂದು ಸಂಜೆ ಫೋನು ಬಂತು. “ಉತ್ತಿವ್ನಿ, ನಾಳೀಕೆ ಬಾ” ಅಂದು ಇಟ್ಟುಬಿಟ್ಟರು. ಮಾರನೆಯ ದಿನ ಹನ್ನೊಂದಕ್ಕೆ ಒಂದು ನಿಶ್ಚಿತಾರ್ಥವಿತ್ತು. ಅದಕ್ಕೆ ಬೇಕಾದ ಚೀಲವನ್ನು ಹಿಂದಿನ ದಿನವೇ ಬಾಗಿಲ ಬಳಿ ಜೋಡಿಸಿಟ್ಟು, ಐದು ಗಂಟೆಗೆ ಐವತ್ತರ ಲೆನ್ಸೊಂದನ್ನೇ ಹಾಕಿಕೊಂಡು ಉಡಿಗಾಲಕ್ಕೆ ಹೊರಟೆ. ಅವರು ಆಗಲೇ ಬದುವಿನ ಮೇಲೆ ಬಂದು ಕೂತಿದ್ದರು.