ಸೆವ್ರಿನ್ ಬಾಯಮ್ಮ ಮತ್ತು ಅಳದ ಮಗು

ಸೆವ್ರಿನ್ ಬಾಯಮ್ಮನಿಗೆ ಸಿಟ್ಟು ಬಂದಿದೆಯೆಂದು ತಿಳಿಯಲು ಅವರ ಮುಖ ನೋಡಬೇಕಾಗಿರಲಿಲ್ಲ. ತಮ್ಮ ಮನೆಯಲ್ಲಿ ಕೊಂಕಣಿ, ನಮ್ಮೊಡನೆ ತುಳು ಆಡುತ್ತಿದ್ದವರು ಸಿಟ್ಟು ಬಂದ ಕೂಡಲೇ ಕನ್ನಡಕ್ಕೆ ಬದಲಾಗುತ್ತಿದ್ದರು. ಒಂದಕ್ಷರವನ್ನೂ ನುಂಗದ, ಪುಸ್ತಕದಿಂದ ಎದ್ದು ಬಂದಂಥ ಕನ್ನಡ. ಜೊತೆಗೆ 'ನೀನು' ಹೋಗಿ 'ನೀವು' ಬರುತ್ತಿತ್ತು. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದು, ನಿವೃತ್ತಿಯ ನಂತರ ಶಿರ್ವದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅವರು ನನಗೆ ಹೀಗೆ ಮರ್ಯಾದೆ ಕೊಟ್ಟು ಮಾತಾಡಿದ್ದು ಒಟ್ಟು ಎರಡು ಸಲ. ಎರಡು ಸಲವೂ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತ್ತು.

ಎತ್ತರದ, ತೆಳ್ಳನೆಯ ಹೆಂಗಸು. ಕೆಲಸ ಬಿಟ್ಟು ವರ್ಷಗಳಾದರೂ ಗಡಿಯಾರವನ್ನು ಕೈಗೆ ಕಟ್ಟದೆ ಎದೆಗೆ ಪಿನ್ನು ಹಾಕಿ ತೂಗಿಸಿಕೊಳ್ಳುತ್ತಿದ್ದರು. ಯಾರ ಮನೆಗೂ ಅಡುಗೆಮನೆಯ ಬಾಗಿಲಿನಿಂದಲೇ ಬರುವುದು, ಬಂದವರೇ ಕೈ ತೊಳೆಯುವುದು. ಬೇರೆಯವರಿಗೂ ಅದೇ ಕಾನೂನು. ಎಳೆ ಮಗುವಿದ್ದ ಮನೆಯೊಂದಕ್ಕೆ ಆಶೀರ್ವಾದ ಮಾಡಲು ಬಂದ ಫಾದರ್ ಅವರನ್ನೇ ಬಚ್ಚಲಿನ ಕಡೆಗೆ ತಿರುಗಿಸಿದ ಖ್ಯಾತಿ ಅವರದು. ಹೊಸ ತಾಯಂದಿರಿಗೆ ಅವರು ಹೇಳುತ್ತಿದ್ದುದು ಇಷ್ಟೇ: "ಮಗುವಿಗೆ ಬರುವುದು ಎರಡೇ ಮಾತು. ಹಸಿವಾಯ್ತು, ಒದ್ದೆಯಾಯ್ತು. ಎರಡನ್ನೂ ಹೇಳದಿದ್ದರೆ ನನ್ನನ್ನು ಕರಿ."

ಇನ್ನು ನಾನು. ಕಾಪುವಿನಿಂದ ಕಾರ್ಕಳದವರೆಗೆ ಡಾಕ್ಟರರ ಬಾಗಿಲು ತಟ್ಟುವ ಮೆಡಿಕಲ್ ರೆಪ್. ನನ್ನ ಚೀಲದಲ್ಲಿದ್ದುದು ಮುಖ್ಯವಾಗಿ ಜೀರ್ಣದ ಔಷಧ. ಆದರೆ ಹನ್ನೆರಡು ವರ್ಷ ಅದನ್ನು ಹೊತ್ತು ತಿರುಗಿದ ಮೇಲೆ, ಚೀಲದಲ್ಲಿ ಇಲ್ಲದ ಔಷಧಗಳ ಬಗ್ಗೆಯೂ ನನಗೆ ಅಭಿಪ್ರಾಯಗಳು ಹುಟ್ಟಿಕೊಂಡಿದ್ದವು. ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರು ತಮ್ಮ ಬಿಪಿ ಮಾತ್ರೆಯ ಹೆಸರು ಹೇಳಿ ಕೆಡುತ್ತಿದ್ದರು.

ನನ್ನ ಹೆಂಡತಿ ಪ್ರಮೀಳಾಳಿಗೆ ಉಡುಪಿಯ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ ಮಗಳು ಹುಟ್ಟಿದಳು. ಅತ್ತೆ ಕಾಲು ಮುರಿದುಕೊಂಡಿದ್ದರಿಂದ, ರಜೆ ಹಾಕಿ ನಾನೇ ಬಾಣಂತನಕ್ಕೆ ನಿಂತೆ. ಮನೆಗೆ ಕಳುಹಿಸುವಾಗ ಡಾಕ್ಟರು ಎರಡು ಬಗೆಯ ನೋವಿನ ಮಾತ್ರೆ ಕೊಟ್ಟು, ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್, ಹೊತ್ತು ಹೊತ್ತಿಗೆ ತೆಗೆದುಕೊಳ್ಳಲಿ ಅಂದರು. ಟ್ರಮಡಾಲ್ ಎಂಬ ಜೋರಿನ ಮಾತ್ರೆಯೂ ನಾಲ್ಕಿತ್ತು. "ಇದು ನೋವು ತಡೆಯಲಿಕ್ಕೇ ಆಗದಿದ್ದರೆ ಮಾತ್ರ. ಅಫೀಮಿನ ಜಾತಿಯ ಮದ್ದು. ಮಗು ಹೆಚ್ಚು ಮಂಪರಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಕರೆದುಕೊಂಡು ಬನ್ನಿ" ಎಂದರು. ನಾನೂ ಡಾಕ್ಟರರ ಕುಲದವನೇ ಎಂಬ ಹಾಗೆ ತಲೆಯಾಡಿಸಿದೆ. ಕೇಳಿಸಿಕೊಂಡಿರಲಿಲ್ಲ.

ಮನೆಗೆ ಬಂದ ಮೇಲೆ ಪ್ರಮೀಳಾ ಹಾಸಿಗೆಯಿಂದ ಏಳುವಾಗ ಮುಖ ಹಿಂಡುವುದನ್ನು ನನಗೆ ನೋಡಲಾಗಲಿಲ್ಲ. ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಜೋರಿನ ಮಾತ್ರೆ ಕೆಂಪು ಶಾಯಿಯಲ್ಲಿ, ದಿನಕ್ಕೆ ಮೂರು ಸಲ. ನಾಲ್ಕು ಮುಗಿದಾಗ ಪರಿಚಯದ ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ಇನ್ನೊಂದು ಸ್ಟ್ರಿಪ್ ತಂದೆ.

"ಡಾಕ್ಟರು ತಡೆಯಲಿಕ್ಕೆ ಆಗದಿದ್ದರೆ ಮಾತ್ರ ಅಂದಿದ್ದರಲ್ವಾ?" ಎಂದು ಪ್ರಮೀಳಾ ಕೇಳಿದಳು.

"ಇದೇ ಲೈನಿನಲ್ಲಿ ಹನ್ನೆರಡು ವರ್ಷ ಆಯ್ತು ನನಗೆ" ಎಂದೆ. ಜೀರ್ಣದ ಔಷಧದಲ್ಲಿ ಎಂದು ಹೇಳಲಿಲ್ಲ.

ಮೂರನೆಯ ದಿನಕ್ಕೆ ಮಗು ಅಳುವುದು ನಿಂತಿತು. ನಾನು ಹಿಗ್ಗಿಹೋದೆ. ಕಾರ್ಕಳದ ಅಕ್ಕನಿಗೆ ಫೋನು ಮಾಡಿ, "ನಿನ್ನ ಮಕ್ಕಳ ಹಾಗಲ್ಲ, ಯೋಗಿಯ ಹಾಗೆ ಮಲಗುತ್ತಾಳೆ" ಎಂದು ಕೊಚ್ಚಿಕೊಂಡೆ. ಮಲಗಿದ ಮಗುವಿನ ಫೋಟೊ ಸ್ಟೇಟಸ್ಸಿಗೂ ಹಾಕಿದೆ.

ಆ ಮಧ್ಯಾಹ್ನ, ವಾರದಿಂದ ಮಂಗಳೂರಿನ ತಂಗಿಯ ಮನೆಯಲ್ಲಿದ್ದ ಬಾಯಮ್ಮ ಮರಳಿದವರೇ ಮಗು ನೋಡಲು ಬಂದರು. ಕೈ ತೊಳೆದು ಮಗುವನ್ನು ತೊಡೆಯ ಮೇಲಿಟ್ಟು ಬಟ್ಟೆ ಬಿಚ್ಚಿದರು. ಕೆನ್ನೆಗೆ ಬೆರಳು ಮುಟ್ಟಿಸಿದರೆ ಮಗು ಬಾಯಿ ತಿರುಗಿಸಲಿಲ್ಲ. ಅಂಗಾಲಿಗೆ ಬೆರಳಿನಿಂದ ತಟ್ಟಿದರು. ಮುಖ ಸ್ವಲ್ಪ ಸುಕ್ಕಾಯಿತು, ಮತ್ತೆ ನಿದ್ರೆ. ಬಾಯಮ್ಮ ಗಡಿಯಾರವನ್ನೂ ಮಗುವಿನ ಎದೆಯನ್ನೂ ಒಂದು ಪೂರ್ತಿ ನಿಮಿಷ ನೋಡಿದರು.

"ಬೆಳಿಗ್ಗೆಯಿಂದ ಎಷ್ಟು ಸಲ ಕುಡಿದಳು?"

"ಎರಡು ಸಲ. ಬಾಯಿ ಹಾಕ್ತಾಳೆ, ಹಾಗೇ ಮಲಗ್ತಾಳೆ" ಎಂದಳು ಪ್ರಮೀಳಾ.

"ಬಟ್ಟೆ ಎಷ್ಟು ಒದ್ದೆಯಾಯ್ತು?"

"ಒಂದು."

"ನಿನಗೆ ಹೇಗುಂಟು?"

"ಕೂತಲ್ಲೇ ಕಣ್ಣು ಮುಚ್ಚಿಹೋಗ್ತದೆ ಬಾಯಮ್ಮ. ತಲೆ ಎತ್ತಲಿಕ್ಕೆ ಆಗುವುದಿಲ್ಲ."

ಮದ್ದು ಎಂತ ಕೊಡುತ್ತಿದ್ದೀ ಎಂದು ನನ್ನನ್ನು ಕೇಳಿದರು. ನಾನು ಉತ್ಸಾಹದಿಂದ ಫ್ರಿಜ್ಜಿನ ಪಟ್ಟಿ ತಂದು ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದರು.

"ಸುಧಾಕರ ಅವರೇ, ಕೆಂಪು ಶಾಯಿಯಲ್ಲಿ ಬರೆದಿರುವ ಈ ಮಾತ್ರೆಯನ್ನು ದಿನಕ್ಕೆ ಮೂರು ಬಾರಿ ಕೊಡಬೇಕೆಂದು ನಿಮಗೆ ಯಾರು ಹೇಳಿದರು?"

ಕನ್ನಡ ಕೇಳಿಯೇ ನನ್ನ ಬೆನ್ನು ಬೆವರಿತು. "ಅದು ತಾಯಿಗೆ ಅಲ್ವಾ ಬಾಯಮ್ಮ? ಮಗುವಿಗೆ ಕೊಟ್ಟಿಲ್ಲ" ಎಂದೆ. ಇದಕ್ಕಿಂತ ಪೆದ್ದು ಮಾತನ್ನು ನಾನು ಆಡಿದ ನೆನಪಿಲ್ಲ. ಆಡಿದವುಗಳ ಸಂಖ್ಯೆ ಕಡಿಮೆಯೇನಲ್ಲ.

"ತಾಯಿ ನುಂಗಿದ್ದು ಹಾಲಿಗೂ ಹೋಗುತ್ತದೆ. ಮಗು ಉಸಿರಾಡಲು ಮರೆಯುವ ಮೊದಲು ಕಾರು ಹೊರಗೆ ತೆಗೆಯಿರಿ."

ಕಟಪಾಡಿಯ ಮೇಲಿಂದ ಉಡುಪಿಗೆ ಹೋಗುವ ಆ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಬಾಯಮ್ಮ ಮಗುವಿನ ಕಾಲು ಉಜ್ಜುತ್ತಾ, ಹೆಸರಿಡದ ಅವಳನ್ನು "ಏ ಪುಟ್ಟೀ, ಏಳು" ಎಂದು ಕರೆಯುತ್ತಲೇ ಇದ್ದರು. ಪಕ್ಕದಲ್ಲಿ ಪ್ರಮೀಳಾ ಸದ್ದಿಲ್ಲದೆ ಅಳುತ್ತಿದ್ದಳು. ನನಗೆ ಗೇರು ಬದಲಾಯಿಸುವುದೂ ಮರೆತುಹೋಗುತ್ತಿತ್ತು.

ಆಸ್ಪತ್ರೆಯಲ್ಲಿ ಮಗುವಿನ ಉಸಿರಿನ ಮೇಲೆ ಕಣ್ಣಿಡಲು ಯಂತ್ರ ಕಟ್ಟಿದರು. ಕೆಲವು ತಾಯಂದಿರ ದೇಹ ಈ ಮದ್ದನ್ನು ಬೇಗ ಬೇಗ ಇನ್ನೂ ಜೋರಾದ ವಸ್ತುವಾಗಿ ಮಾರ್ಪಡಿಸುತ್ತದೆ, ಯಾರ ದೇಹ ಹಾಗೆಂದು ಹೊರಗಿನಿಂದ ತಿಳಿಯುವುದಿಲ್ಲ, ಎಳೆ ಮಗುವಿನ ದೇಹಕ್ಕೆ ಅದನ್ನು ಹೊರಹಾಕಲು ಬರುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಈ ಸಲ ಕೇಳಿಸಿಕೊಂಡೆ. ಮರುದಿನ ಸಂಜೆ ಮಗಳು ಕಣ್ಣುಬಿಟ್ಟು ವಾರ್ಡು ಹಾರಿಹೋಗುವಂತೆ ಅತ್ತಳು. ಅದನ್ನು ಕೇಳಿ ನಾನೂ ಅತ್ತೆ. ಒಬ್ಬರ ಅಳು ಸಾಕು ಎಂದು ಅಲ್ಲಿಯ ನರ್ಸ್ ನನ್ನನ್ನು ಹೊರಗೆ ಕಳುಹಿಸಿದಳು.

ಇಷ್ಟಕ್ಕೇ ಬುದ್ಧಿ ಬಂದಿದ್ದರೆ ಎರಡನೆಯ ಸಲ ಕನ್ನಡ ಕೇಳುವ ಯೋಗ ನನಗೆ ಬರುತ್ತಿರಲಿಲ್ಲ. ಮನೆಗೆ ಮರಳಿದ ದಿನವೇ ಮಾತ್ರೆಗಳನ್ನೆಲ್ಲ ಕಸದ ಬುಟ್ಟಿಗೆ ಎಸೆದೆ, ಪ್ಯಾರಾಸಿಟಮಾಲ್ ಸಮೇತ. ತಾಯಿಯ ಹಾಲೇ ಬೇಡವೆಂದು ಹಾಲಿನ ಪುಡಿಯ ಡಬ್ಬ ತಂದೆ. ಎರಡು ದಿನ ಕಳೆಯುವಷ್ಟರಲ್ಲಿ ಹೊಲಿಗೆಯ ನೋವಿನಿಂದ ಪ್ರಮೀಳಾಳಿಗೆ ನೆಟ್ಟಗೆ ಕೂರಲಾಗದು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ತಪ್ಪು ತನ್ನದೇ ಎಂಬಂತೆ ಅವಳು ಬಾಯಿಬಿಡಲಿಲ್ಲ. ಬಾಯಮ್ಮ ಬಂದು ನೋಡಿದರು.

"ನಿಮಗೆ ಸಿಟ್ಟಿರುವುದು ಮಾತ್ರೆಯ ಮೇಲೋ, ನಿಮ್ಮ ಮೇಲೋ?" ಎಂದು ಕೇಳಿದರು. "ನಿಮ್ಮ ಮೇಲಾದರೆ ನೀವು ನೋವು ತಿನ್ನಿ. ಅವಳಿಗೆ ಏಕೆ ತಿನ್ನಿಸುತ್ತೀರಿ? ನೋವಿನಿಂದ ಬಾಗಿಹೋದವಳು ಮಗುವನ್ನು ಎತ್ತಿಕೊಳ್ಳುವುದಾದರೂ ಹೇಗೆ?"

ಅಲ್ಲೇ ನಿಂತು ಡಾಕ್ಟರಿಗೆ ಫೋನು ಮಾಡಿಸಿದರು. ಮೊದಲಿನ ಎರಡು ಮಾತ್ರೆ ಹಾಲೂಡಿಸುವ ತಾಯಿಗೆ ನಡೆಯುತ್ತದೆ, ಹೇಳಿದ ಅಳತೆಯಲ್ಲಿ ಕೊಡಿ, ಹಾಲು ನಿಲ್ಲಿಸಬೇಕಾಗಿಲ್ಲ ಎಂದರು ಡಾಕ್ಟರು. ನಾನು ಅದೇ ಅಂಗಡಿಗೆ ಹೋಗಿ, ಈ ಬಾರಿ ಚೀಟಿ ತೋರಿಸಿ, ಅದೇ ಮಾತ್ರೆಗಳನ್ನು ತಂದೆ. ಸಂಜೆ ಪ್ರಮೀಳಾ ಗೋಡೆಗೆ ಒರಗಿ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಬಾಯಮ್ಮ ಪಕ್ಕದಲ್ಲಿ ಸಕ್ಕರೆಯಿಲ್ಲದ ಚಹಾ ಹೀರುತ್ತಾ, "ನಿನ್ನ ಗಂಡ ಒಳ್ಳೆಯವನು ಮಾರಾಯ್ತಿ, ಮದ್ದಿನ ಹತ್ತಿರ ಮಾತ್ರ ಬಿಡಬೇಡ" ಎಂದು ತುಳುವಿನಲ್ಲಿ ಹೇಳಿದರು.

ಮಗಳಿಗೆ ನಾಲ್ಕು ತುಂಬಿದ ವರ್ಷ ಬಾಯಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಗೊತ್ತಾಗುವಾಗಲೇ ತಡವಾಗಿತ್ತು. ಮಣಿಪಾಲದ ಆಸ್ಪತ್ರೆಗೆ ಮಗಳನ್ನು ಕರೆದುಕೊಂಡು ಹೋದೆ. ಅವರು ಹಾಸಿಗೆಯಲ್ಲಿ ಹೊದಿಕೆಯ ಒಂದು ಮಡಿಕೆಯಷ್ಟಾಗಿದ್ದರು. ನರ್ಸ್ ಬಂದು ಅದೇ ಅಫೀಮಿನ ಜಾತಿಯ ಮಾರ್ಫಿನ್ ಕೊಡುವಾಗ ನನ್ನ ಹಳೆಯ ಹೆದರಿಕೆ ಎದ್ದಿತು. "ಇದು ಹೆಚ್ಚಾಗುವುದಿಲ್ವಾ?" ಎಂದು ಕೇಳಿಯೇಬಿಟ್ಟೆ.

ಬಾಯಮ್ಮ ಕಣ್ಣು ತೆರೆದರು. "ಸುಮ್ಮನಿರು ಮಾರಾಯ. ನಾನು ಯಾರಿಗೂ ಹಾಲು ಕುಡಿಸುವವಳಲ್ಲ. ನನಗೆ ಇದು ಬೇಕು."

ಮಗಳು ಶಾಲೆಯ ಬೆಕ್ಕಿನ ಕತೆಯನ್ನು ಶುರುಮಾಡಿದ್ದಳು. ಮೆಲ್ಲಗೆ ಮಾತಾಡು ಎಂದು ಗದರಿದೆ. "ಮಾತಾಡಲಿ ಬಿಡು" ಎಂದ ಬಾಯಮ್ಮ, ಬೆಕ್ಕು ಕಪಾಟು ಹತ್ತುವ ಮೊದಲೇ ನೋವಿಲ್ಲದ ಮುಖದಲ್ಲಿ ನಿದ್ರೆ ಹೋದರು.

ಹತ್ತು ದಿನಗಳ ನಂತರ ಪ್ರಮೀಳಾ ಫೋನು ಮಾಡಿದಾಗ ನಾನು ಹಿರಿಯಡ್ಕದ ಕ್ಲಿನಿಕ್ಕೊಂದರಲ್ಲಿದ್ದೆ. ಬಾಯಮ್ಮ ತೀರಿಕೊಂಡರೆಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ನನ್ನ ಸರದಿ ಬಂತು. ಒಳಗೆ ಹೋಗಿ ಚೀಲ ತೆರೆದೆ. ವರ್ಷಗಟ್ಟಲೆ ಹೊಗಳಿದ್ದ ಔಷಧದ ಹೆಸರು ಬಾಯಿಗೆ ಬರಲಿಲ್ಲ. ಡಾಕ್ಟರು ನನ್ನ ಮುಖ ನೋಡಿ, ಎದುರಿನ ಕುರ್ಚಿ ತೋರಿಸಿ, "ಕೂತುಕೊಳ್ಳಿ" ಎಂದರು. ಇಷ್ಟು ವರ್ಷಗಳಲ್ಲಿ ಡಾಕ್ಟರೊಬ್ಬರು ನನಗೆ ಹಾಗೆ ಹೇಳಿದ್ದು ಅದೇ ಮೊದಲು. ಕೂತೆ.